ಜಿಮ್ಮಿಯ ಹೆಸರಿನ ಚೀಟಿ

ನವೆಂಬರ್ ತಿಂಗಳು ನಮ್ಮ ಕಥೋಲಿಕ ಕುಟುಂಬಗಳಿಗೆ ಮೃತರನ್ನು ನೆನೆಯುವ ತಿಂಗಳು. ಎರಡನೆಯ ತಾರೀಖಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆಗೆ ಒಂದು ವಾರ ಮುಂಚಿತವಾಗಿ ದೇವಾಲಯದ ಬಾಗಿಲ ಬಳಿ ಒಂದು ಪೆಟ್ಟಿಗೆಯನ್ನೂ ಒಂದು ಕಟ್ಟು ಚೀಟಿಗಳನ್ನೂ ಇಡುವುದು ನಮ್ಮ ಧರ್ಮಕೇಂದ್ರದ ವಾಡಿಕೆ. ಮನೆಯವರು ತಮ್ಮ ತಮ್ಮ ಹಿರಿಯರ ಹೆಸರುಗಳನ್ನು ಬರೆದು ಅದರೊಳಗೆ ಹಾಕುತ್ತಾರೆ. ತಿಂಗಳು ಪೂರ್ತಿ ಆ ಪೆಟ್ಟಿಗೆ ಬಲಿಪೀಠದ ಪಕ್ಕದಲ್ಲಿರುತ್ತದೆ. ಕಳೆದ ವರ್ಷ ನಮ್ಮ ಮನೆಯ ಚೀಟಿಯನ್ನು ಬರೆಯುವ ಹೊಣೆ ಒಂಬತ್ತು ವರ್ಷದ ಮಗಳ ಪಾಲಿಗೆ ಬಂದಿತ್ತು. ಅವಳು ದುಂಡಗಿನ ಅಕ್ಷರಗಳಲ್ಲಿ ತಾತನ ಹೆಸರು, ಮುತ್ತಜ್ಜಿಯ ಹೆಸರು, ಅವಳು ಕಂಡೇ ಇರದ ದೊಡ್ಡಪ್ಪನ ಹೆಸರು, ಹೀಗೆ ಎಂಟು ಹೆಸರುಗಳನ್ನು ಬರೆದು, ಒಂಬತ್ತನೆಯ ಸಾಲಿನಲ್ಲಿ ‘ಜಿಮ್ಮಿ’ ಎಂದು ಬರೆದಿದ್ದಳು.

ಜಿಮ್ಮಿ ನಮ್ಮ ಮನೆಯ ನಾಯಿ. ಸತ್ತು ಹತ್ತು ದಿನಗಳಾಗಿದ್ದವು.

ನಾವು ಜೇಬಿನಿಂದ ಪೆನ್ನು ತೆಗೆದು ಆ ಒಂಬತ್ತನೆಯ ಸಾಲಿನ ಮೇಲೆ ಗೆರೆ ಎಳೆದೆವು. ದೇವಾಲಯದ ಬಾಗಿಲಲ್ಲಿ, ನಾಲ್ಕು ಜನರ ಮುಂದೆ. ‘ಇದು ಮನುಷ್ಯರಿಗೆ ಮಾತ್ರ’ ಎಂದೆವು. ಹಿಂದೆ ನಿಂತಿದ್ದವರೊಬ್ಬರು ಮೆಲ್ಲಗೆ ನಕ್ಕರು. ಮಗಳು ಮರುಮಾತನಾಡಲಿಲ್ಲ. ಅಂದಿನ ಬಲಿಪೂಜೆಯಲ್ಲಿ ಅವಳು ಒಂದು ಹಾಡನ್ನೂ ಹಾಡಲಿಲ್ಲವೆಂಬುದನ್ನು ಆಮೇಲೆ ಅವಳ ತಾಯಿ ನಮಗೆ ತಿಳಿಸಿದರು.

ಆ ಗೆರೆಯ ವಿಷಯವಾಗಿ ನಾವು ಬಹಳ ದಿನ ಯೋಚಿಸಿದ್ದೇವೆ. ಇದು ಒಂದು ಮನೆಯ ವಿಷಯ ಮಾತ್ರವಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಈಗ ನಾಯಿ ಸಾಕದ ಬೀದಿಯೇ ಇಲ್ಲ. ನಮ್ಮ ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ನಾಯಿಯ ಆಯುಸ್ಸು ಹತ್ತರಿಂದ ಹದಿನಾಲ್ಕು ವರ್ಷ. ಆದುದರಿಂದ ಇಂದು ಮರಿಯನ್ನು ತಂದ ಪ್ರತಿಯೊಂದು ಮನೆಯಲ್ಲೂ ಮಕ್ಕಳು ಬೆಳೆಯುವಷ್ಟರಲ್ಲಿ ಒಂದು ಸಾವು ನಡೆದೇ ತೀರುತ್ತದೆ. ಅನೇಕ ಮಕ್ಕಳಿಗೆ ಅದು ಅವರು ಹತ್ತಿರದಿಂದ ಕಾಣುವ ಮೊದಲ ಸಾವು. ಆಗ ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ. ನಕ್ಕು ತಳ್ಳಿಹಾಕುತ್ತೇವೆ, ಇಲ್ಲವೇ ಬಾಯಿಗೆ ಬಂದ ಸಮಾಧಾನವನ್ನು ಹೇಳುತ್ತೇವೆ. ಎರಡೂ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಜಿಮ್ಮಿಯಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇರಲಿಲ್ಲ. ಜಾತಿಯ ನಾಯಿಯಲ್ಲ. ಹದಿಮೂರು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ ನಮ್ಮ ಗೇಟಿನ ಬಳಿ ಚರಂಡಿಯ ಕಲ್ಲುಚಪ್ಪಡಿಯ ಕೆಳಗೆ ಕುಂಯ್‌ಗುಟ್ಟುತ್ತಿದ್ದ ಮರಿ. ನಮ್ಮ ತಾಯಿ ಕನಕಪುರದ ಕಡೆಯ ಹಾರೋಬೆಲೆಯವರು. ರೈತರ ಮನೆಯಲ್ಲಿ ಬೆಳೆದವರಿಗೆ ನಾಯಿಯೆಂದರೆ ಹಿತ್ತಲಿನಲ್ಲಿರಬೇಕಾದ ಕಾವಲುಗಾರ. ಒಳಮನೆಗೆ ಬರುವ ಅತಿಥಿಯಲ್ಲ. ‘ಬೆಳಗಾಗಲಿ, ಯಾರಿಗಾದರೂ ಕೊಟ್ಟರಾಯಿತು’ ಎಂದವರು ಅವರೇ. ಬೆಳಗಾಯಿತು, ಕೊಡಲಿಲ್ಲ. ಮೂರು ತಿಂಗಳಲ್ಲಿ ಅದು ನಡುಮನೆಗೆ ಬಂತು. ಆರು ತಿಂಗಳಲ್ಲಿ ಅವರ ಮಂಚದ ಕೆಳಗೆ ಮಲಗತೊಡಗಿತು. ತಟ್ಟೆಯಲ್ಲಿ ಕೊನೆಯ ತುತ್ತನ್ನು ಅದಕ್ಕಾಗಿ ಉಳಿಸುವುದು ನಮ್ಮ ತಾಯಿಗೆ ಊಟದ ಒಂದು ಭಾಗವೇ ಆಗಿಹೋಯಿತು.

ಸಂಜೆ ಏಳೂವರೆಗೆ ಜಪಸರ ಪ್ರಾರ್ಥನೆ. ದೀಪ ಹಚ್ಚಿದೊಡನೆ ಜಿಮ್ಮಿ ಬಂದು ಚಾಪೆಯ ತುದಿಯಲ್ಲಿ ಮಲಗುತ್ತಿತ್ತು. ಭಕ್ತಿಯಿಂದಲ್ಲ, ಪ್ರಾರ್ಥನೆ ಮುಗಿದೊಡನೆ ಊಟವೆಂಬುದು ಅದಕ್ಕೆ ಗೊತ್ತಿತ್ತು. ಐದನೆಯ ರಹಸ್ಯ ಮುಗಿದು ಮಾತೆ ಮರಿಯಮ್ಮನವರ ಮನವಿಮಾಲೆ ಆರಂಭವಾಗುತ್ತಲೇ ಎದ್ದು ಮೈ ಮುರಿಯುತ್ತಿತ್ತು. ಮನವಿಮಾಲೆ ಉದ್ದವಾಯಿತೆಂದು ಮಕ್ಕಳು ಮುಖ ಕಿವುಚುವುದನ್ನು ಕಂಡಿದ್ದೇವೆ. ಅದು ಮಾತ್ರ ಒಂದು ದಿನವೂ ಎದ್ದು ಹೋದದ್ದಿಲ್ಲ. ಕ್ರಿಸ್ತಜಯಂತಿಗೆ ಗೋದಲಿ ಕಟ್ಟಿದರೆ ಹುಲ್ಲು ಹಾಸಿದ ದಿನವೇ ಅದರ ಮೇಲೆ ಹೋಗಿ ಮಲಗಿಬಿಡುತ್ತಿತ್ತು. ಒಂದು ವರ್ಷ ಮೂವರು ಜ್ಞಾನಿಗಳಲ್ಲಿ ಒಬ್ಬರ ಒಂಟೆಯ ಕಾಲು ಮುರಿಯಿತು. ಆ ಒಂಟೆ ಈಗಲೂ ಮೂರು ಕಾಲಿನ ಮೇಲೆಯೇ ಇದೆ.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯ ನಡುವೆ, ನಮ್ಮ ತಂದೆ ತೀರಿಕೊಂಡರು. ಆ ದಿನಗಳನ್ನು ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದುದನ್ನು ಎಲ್ಲರೂ ಕಂಡಿದ್ದಾರೆ. ತಂದೆಯವರ ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ. ಮನೆಗೆ ಯಾರೂ ಬರುವಂತಿರಲಿಲ್ಲ. ನೆರೆಯವರು ಊಟದ ಡಬ್ಬಿಯನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು. ನಮ್ಮ ತಾಯಿ ಆಗ ಅಳಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಪದೇ ಪದೇ ತೊಳೆಯುತ್ತಿದ್ದರು. ತಂದೆಯವರ ಬೆತ್ತದ ಕುರ್ಚಿಯ ಕೆಳಗೆ ಜಿಮ್ಮಿ ಮಲಗಿತು. ಆ ಕುರ್ಚಿಯಲ್ಲಿ ಬೇರೆ ಯಾರು ಕುಳಿತರೂ ಎದ್ದು ನೋಡಿ ಮತ್ತೆ ಮಲಗುತ್ತಿತ್ತು. ಆ ವರ್ಷ ನಮ್ಮ ತಾಯಿ ಹಗಲೆಲ್ಲ ಮಾತನಾಡಿದ್ದು ಅದರೊಂದಿಗೆ ಮಾತ್ರ ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ಅದರ ಕೊನೆಯ ದಿನಗಳ ಮಾತು. ಇದನ್ನು ಬರೆಯಲು ನಮಗೆ ಸಂಕೋಚವಿದೆ. ಆದರೂ ಬರೆಯಬೇಕು, ಏಕೆಂದರೆ ಇಲ್ಲಿ ನಾವು ಮಾಡಿದ ತಪ್ಪನ್ನು ಇತರರೂ ಮಾಡಬಹುದು.

ಮೂತ್ರಪಿಂಡಗಳು ಕೆಟ್ಟಿದ್ದವು. ನಾಯಿಗೆ ಇಳಿವಯಸ್ಸಿನಲ್ಲಿ ಬರುವ ಸಾಮಾನ್ಯ ರೋಗ. ನೀರನ್ನು ಎಷ್ಟು ಕುಡಿದರೂ ಸಾಲದು, ಅನ್ನ ಮುಟ್ಟದು, ವಾಂತಿ ನಿಲ್ಲದು. ಪಶುವೈದ್ಯರು ಒಂದು ವಾರ ಗ್ಲೂಕೋಸ್ ಏರಿಸಿ ನೋಡಿ, ಇನ್ನು ಗುಣವಾಗುವ ಸಂಭವವಿಲ್ಲವೆಂದೂ ನೋವಿಲ್ಲದೆ ಮಲಗಿಸುವ ಚುಚ್ಚುಮದ್ದನ್ನು ಕೊಡುವುದು ಮೇಲೆಂದೂ ಸ್ಪಷ್ಟವಾಗಿ ಹೇಳಿದರು. ನಾವು ಒಪ್ಪಲಿಲ್ಲ. ‘ಜೀವ ಕೊಟ್ಟವನೇ ತೆಗೆದುಕೊಳ್ಳಲಿ’ ಎಂದೆವು. ದಯಾಮರಣವನ್ನು ಧರ್ಮಸಭೆ ಖಂಡಿಸುತ್ತದೆಂಬುದು ಚಿಕ್ಕಂದಿನಿಂದ ಕೇಳಿದ ಮಾತು. ಮನಸ್ಸಿನಲ್ಲಿ ಅದೇ ಇತ್ತು. ಯಾರನ್ನೂ ಕೇಳಿ ತಿಳಿಯಲಿಲ್ಲ. ಒಂಬತ್ತು ದಿನ ಹಾಗೆಯೇ ಕಳೆದವು. ಒಂಬತ್ತನೆಯ ರಾತ್ರಿ ಅದಕ್ಕೆ ಸೆಳವು ಬಂದಿತು. ಮತ್ತೆ ಮತ್ತೆ ಬಂದಿತು. ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ತಾಯಿಯ ಸೀರೆಯ ಸೆರಗಿನ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಿತು.

ಆಮೇಲೆ ಧರ್ಮಕೇಂದ್ರದ ಗುರುಗಳ ಬಳಿ ಹೇಳಿಕೊಂಡಾಗ ಅವರು ಮೌನವಾಗಿ ಕೇಳಿ, ನಾವು ಎರಡು ವಿಷಯಗಳನ್ನು ಒಂದರೊಳಗೊಂದು ಬೆರೆಸಿದ್ದೇವೆಂದು ವಿವರಿಸಿದರು. ಮನುಷ್ಯನು ದೇವರ ಪ್ರತಿರೂಪ. ಅವನ ಪ್ರಾಣದ ಮೇಲೆ ಮತ್ತೊಬ್ಬ ಮನುಷ್ಯನಿಗೆ ಒಡೆತನವಿಲ್ಲ. ಆದುದರಿಂದಲೇ ದಯಾಮರಣಕ್ಕೆ ಧರ್ಮಸಭೆಯ ವಿರೋಧ. ಪ್ರಾಣಿಗಳನ್ನಾದರೋ ದೇವರು ಮನುಷ್ಯನ ಪಾಲನೆಗೆ ಒಪ್ಪಿಸಿದ್ದಾನೆ. ಪಾಲಕನು ಅವುಗಳನ್ನು ವೃಥಾ ನರಳಿಸಬಾರದು. 1992ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಪ್ರಕಟಿಸಿದ ಧರ್ಮೋಪದೇಶ ಗ್ರಂಥದಲ್ಲಿ, 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ, ಈ ವಿಷಯವಿದೆ. ಪ್ರಾಣಿಗಳಿಗೆ ನಾವು ದಯೆಯನ್ನು ಸಲ್ಲಿಸಬೇಕಾದವರೆಂದೂ ಅವುಗಳನ್ನು ಅನಗತ್ಯವಾಗಿ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧವೆಂದೂ ಅಲ್ಲಿ ಹೇಳಿದೆ. ಗುಣವಾಗದ ನಾಯಿಯ ನರಳಾಟವನ್ನು ವೈದ್ಯರ ಕೈಯಿಂದ ಮುಗಿಸುವುದು ಪಾಪವಲ್ಲ. ಪಾಪವೆಂದು ಹೆದರಿ ಒಂಬತ್ತು ದಿನ ಕಾಯಿಸಿದವರು ನಾವು. ಓದುಗರಲ್ಲಿ ಯಾರಿಗಾದರೂ ಇಂಥ ದಿನ ಬಂದರೆ, ದಯವಿಟ್ಟು ತಮ್ಮ ಗುರುಗಳನ್ನು ಕೇಳಿರಿ. ನಮ್ಮಂತೆ ನಾವೇ ತಿಳಿದವರೆಂದು ಕೂರಬೇಡಿ.

ಹೂಳುವುದಕ್ಕೆ ಮನೆಯ ಹಿತ್ತಲಲ್ಲಿ ಜಾಗವಿರಲಿಲ್ಲ. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಹಿತ್ತಲೆಂಬುದೇ ಒಂದು ನೆನಪು. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರ ವನ್ಯಜೀವಿ ಆಸ್ಪತ್ರೆಯಿದೆ. ಅಲ್ಲಿಯೇ ಸಾಕುಪ್ರಾಣಿಗಳ ಸ್ಮಶಾನವೂ ಇದೆ. ಹಳೆಯ ಹೊದಿಕೆಯಲ್ಲಿ ಜಿಮ್ಮಿಯನ್ನು ಸುತ್ತಿ, ಆಟೋದವನಿಗೆ ವಿಷಯ ತಿಳಿಸಿ ಒಪ್ಪಿಸಿ, ಮಾಗಡಿ ರಸ್ತೆಗೆ ಬಂದು ಸುಮನಹಳ್ಳಿಯ ಬಳಿ ಹೊರವರ್ತುಲ ರಸ್ತೆಗೆ ತಿರುಗಿದೆವು. ಆಟೋದವನು ಮುಸಲ್ಮಾನ ಹುಡುಗ; ಬಾಡಿಗೆಯನ್ನು ಮೀಟರಿನಷ್ಟೇ ತೆಗೆದುಕೊಂಡ. ಇದನ್ನೂ ಇಲ್ಲಿ ದಾಖಲಿಸಬೇಕೆನಿಸಿತು.

ಸುಮನಹಳ್ಳಿಯೆಂದೊಡನೆ ನಮ್ಮ ಸಮುದಾಯದವರಿಗೆ ಮೊದಲು ನೆನಪಾಗುವುದು ಕುಷ್ಠರೋಗಿಗಳ ಪುನರ್ವಸತಿ ಕೇಂದ್ರ. 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರದ ಆಸರೆಯಲ್ಲಿ ಆರಂಭವಾಗಿ, ಮನೆಯವರೇ ಹೊರಹಾಕಿದ ಎಷ್ಟೋ ಜನರಿಗೆ ಮನೆಯಾದ ಸಂಸ್ಥೆ. ಅದೇ ಸುಮನಹಳ್ಳಿಯಲ್ಲಿ ಮಹಾನಗರ ಪಾಲಿಕೆಯವರು ಪ್ರಾಣಿಗಳಿಗಾಗಿ ವಿದ್ಯುತ್ ಚಿತಾಗಾರವನ್ನು ಕಟ್ಟಿದ್ದರು. ಎರಡರ ನಡುವೆ ಯಾವ ಸಂಬಂಧವೂ ಇಲ್ಲ. ನಗರ ಬೆಳೆಯುವ ರೀತಿಯೇ ಹಾಗೆ. ಆದರೆ ತೊಡೆಯ ಮೇಲೆ ಸತ್ತ ನಾಯಿಯನ್ನಿಟ್ಟುಕೊಂಡು ಆ ವೃತ್ತವನ್ನು ದಾಟುವಾಗ ಸಂತ ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯ ನೆನಪಾಗದಿರಲು ಸಾಧ್ಯವಿಲ್ಲ. ಧನಿಕನ ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿದ್ದ ಲಾಜರನ ಬಳಿಗೆ ಮನುಷ್ಯರಾರೂ ಬರಲಿಲ್ಲ. ನಾಯಿಗಳು ಬಂದು ಹುಣ್ಣುಗಳನ್ನು ನೆಕ್ಕುತ್ತಿದ್ದವು. ಅದು ಅವನ ದುರವಸ್ಥೆಯ ಪರಾಕಾಷ್ಠೆಯೆಂದು ಕೆಲವರು ವ್ಯಾಖ್ಯಾನಿಸುತ್ತಾರೆ. ಆ ಬಾಗಿಲಲ್ಲಿ ಅವನಿಗೆ ದೊರೆತ ಕರುಣೆ ಅದೊಂದೇ ಎಂದು ಇನ್ನು ಕೆಲವರು. ಯಾವುದು ಸರಿಯೆಂದು ಪಂಡಿತರು ಹೇಳಲಿ. ನಮ್ಮ ತಾಯಿಯ ಕಾಲಿನ ಸಕ್ಕರೆ ಕಾಯಿಲೆಯ ಗಾಯದ ಬಳಿ ದಿನಗಟ್ಟಲೆ ಕಾವಲು ಮಲಗಿದ್ದ ನಾಯಿಯನ್ನು ಕಂಡ ನಾವು ಎರಡನೆಯ ಗುಂಪಿಗೆ ಸೇರಿದವರು.

ಕೆಂಗೇರಿಯಲ್ಲಿ ಮಣ್ಣು ಒದ್ದೆಯಾಗಿತ್ತು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಗಳು ಶಿಲುಬೆಯ ಗುರುತು ಹಾಕಿಕೊಂಡು ‘ಪರಲೋಕದಲ್ಲಿರುವ’ ಎಂದು ಆರಂಭಿಸಿದಾಗ ಮಣ್ಣು ಎಳೆಯುತ್ತಿದ್ದ ಆಳು ಗುದ್ದಲಿಯನ್ನು ನಿಲ್ಲಿಸಿ ನಿಂತ.

ಮನೆಗೆ ಬಂದ ಮೇಲೆ ನಮ್ಮ ತಾಯಿ ಅತ್ತರು. ಒಂದು ದಿನವಲ್ಲ, ಒಂದು ವಾರ. ಮೂರು ವರ್ಷಗಳ ಹಿಂದೆ ಪತಿಯ ಶವವನ್ನು ಕಣ್ಣೀರಿಲ್ಲದೆ ಕಳುಹಿಸಿಕೊಟ್ಟವರು ನಾಯಿಗಾಗಿ ಗೋಳಾಡಿದ್ದು ಬೀದಿಯಲ್ಲಿ ಮಾತಿಗೆ ವಸ್ತುವಾಯಿತು. ‘ಗಂಡನಿಗೆ ಅಳದವಳು ನಾಯಿಗೆ ಅತ್ತಳಂತೆ’ ಎಂಬ ಮಾತು ಸುತ್ತಿ ಬಳಸಿ ನಮ್ಮ ಕಿವಿಗೂ ಬಿತ್ತು. ಹೇಳಿದವರು ನಮ್ಮವರೇ, ಒಂದೇ ಧರ್ಮಕೇಂದ್ರದವರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವರು ಒಂದನ್ನು ಗಮನಿಸಲಿಲ್ಲ. ಅಳುವಾಗ ನಮ್ಮ ತಾಯಿ ಹೇಳುತ್ತಿದ್ದುದು ಬರೀ ಜಿಮ್ಮಿಯ ಮಾತಲ್ಲ. ‘ಅವರ ಕುರ್ಚಿ ಕಾಯುತ್ತಿದ್ದೆಯಲ್ಲೋ’ ಎನ್ನುತ್ತಿದ್ದರು. 2021ರಲ್ಲಿ ಬಾಗಿಲು ಮುಚ್ಚಿದ ಮನೆಯೊಳಗೆ ಹೆಪ್ಪುಗಟ್ಟಿದ್ದ ದುಃಖ ಆ ದಾರಿಯಿಂದ ಹೊರಗೆ ಬಂದಿತು. ಆ ವರ್ಷ ಹೀಗೆ ಅಳಲಾಗದೆ ಉಳಿದವರು ನಮ್ಮ ಬೀದಿಗಳಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೋ! ಅವರ ಕಣ್ಣೀರು ಯಾವ ನೆಪದಲ್ಲಿ ಬಂದರೂ ನಗುವ ಹಕ್ಕು ನಮಗಿಲ್ಲ.

ನಗುವುದು ನಮಗೆ ಸುಲಭವಾಗಿರುವುದಕ್ಕೆ ಭಾಷೆಯೂ ಒಂದು ಕಾರಣವಿರಬಹುದು. ಕನ್ನಡದಲ್ಲಿ ಕಷ್ಟಪಟ್ಟವನದು ನಾಯಿಪಾಡು. ತಿದ್ದಲಾಗದವನು ನಾಯಿಯ ಬಾಲ. ಸಿಟ್ಟು ಬಂದಾಗ ಬಾಯಿಗೆ ಬರುವ ಮೊದಲ ಬೈಗುಳವೂ ಅದೇ. ಪವಿತ್ರ ಗ್ರಂಥದ ಕಾಲದ ಜನರೂ ಬಹುಮಟ್ಟಿಗೆ ಹೀಗೆಯೇ ಮಾತನಾಡುತ್ತಿದ್ದರು. ಆದರೆ ಇದೇ ಕನ್ನಡದಲ್ಲಿ ಒಂದು ನಾಯಿಯ ಸಾವನ್ನು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಮೇಲೆ ಕೆತ್ತಿದ್ದಾರೆ. ಕೆಂಗೇರಿಯಿಂದ ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು. ಆ ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ ಸಂದರ್ಭ. ಅಲ್ಲಿ ಕೆಚ್ಚಿನಿಂದ ಕಾದಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ. ನಾಯಿ ಹಂದಿಯ ಮೇಲೆ ಎರಗುವ ಚಿತ್ರವೂ ಆ ಕಲ್ಲಿನಲ್ಲಿದೆ. ಅದೀಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ.

ಚರಿತ್ರೆ ಓದುವವರಿಗೆ ಆ ಶಾಸನ ಬೇಕಾಗಿರುವುದು ಚೋಳ ರಾಜಾದಿತ್ಯನ ಮರಣದ ಸುದ್ದಿಗಾಗಿ. ಅದನ್ನು ಕೆತ್ತಿಸಿದವನಿಗೆ ಮಾತ್ರ ಕಾಳಿಯ ಮರಣವೂ ಅಷ್ಟೇ ದೊಡ್ಡ ಸುದ್ದಿಯಾಗಿತ್ತು. ಆ ಕಲ್ಲಿಗೆ ನಿತ್ಯಪೂಜೆಯನ್ನೂ ಅವನು ಗೊತ್ತುಮಾಡಿದ. ಅದು ನಮ್ಮ ಮಾರ್ಗವಲ್ಲ. ಆದರೆ ತನ್ನ ನಾಯಿಯ ಹೆಸರನ್ನು ಊರ ಮುಂದೆ ಹೇಳಲು ಒಬ್ಬ ಯೋಧ ನಾಚಲಿಲ್ಲವೆಂಬುದನ್ನು ನಾವು ಮೆಚ್ಚಬಹುದು. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಚಲನಚಿತ್ರವನ್ನು ನೋಡಿ, ಹಿಂದಿನ ವರ್ಷ ಸತ್ತ ತಮ್ಮ ನಾಯಿ ಸ್ನೂಪಿಯನ್ನು ನೆನೆದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಎಲ್ಲರೆದುರಿಗೇ ಕಣ್ಣೀರಿಟ್ಟಾಗ ನಕ್ಕವರಲ್ಲಿ ನಾವೂ ಒಬ್ಬರು. ರಾಜ್ಯದಲ್ಲಿ ಅಳುವುದಕ್ಕೆ ಬೇರೆ ಕಾರಣಗಳಿಲ್ಲವೇ ಎಂದು ಟೀಕಿಸಿದ್ದೂ ಉಂಟು. ಈಗ ಆ ಟೀಕೆಯನ್ನು ಹಿಂದಕ್ಕೆ ಪಡೆಯುತ್ತೇವೆ.

ಇಷ್ಟಾಗಿಯೂ ಮಗಳ ಪ್ರಶ್ನೆ ಹಾಗೆಯೇ ನಿಂತಿತ್ತು: ಜಿಮ್ಮಿ ಈಗ ಎಲ್ಲಿದೆ?

ಇಲ್ಲಿ ನಾವು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು. 2014ರ ಡಿಸೆಂಬರಿನಲ್ಲಿ, ನಾಯಿಯನ್ನು ಕಳೆದುಕೊಂಡ ಒಬ್ಬ ಬಾಲಕನಿಗೆ ಫ್ರಾನ್ಸಿಸ್ ಜಗದ್ಗುರುಗಳು ಪ್ರಾಣಿಗಳಿಗೂ ಸ್ವರ್ಗವುಂಟೆಂದು ಹೇಳಿದರೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ದೊಡ್ಡ ದೊಡ್ಡ ಪತ್ರಿಕೆಗಳೇ ಅಚ್ಚು ಹಾಕಿದವು. ಕೆಲವು ದಿನಗಳಲ್ಲಿ ಅಂಥ ಮಾತನ್ನು ಅವರು ಆಡಿಯೇ ಇರಲಿಲ್ಲವೆಂದು ಗೊತ್ತಾಗಿ ತಿದ್ದುಪಡಿಗಳು ಬಂದವು. ಸುದ್ದಿ ಓದಿದವರೆಲ್ಲ ತಿದ್ದುಪಡಿಯನ್ನು ಓದಿದರೇ? ನಮ್ಮ ಧರ್ಮಕೇಂದ್ರದಲ್ಲೇ ಅದನ್ನು ಈಗಲೂ ನಿಜವೆಂದು ಹೇಳುವವರಿದ್ದಾರೆ. ಮಕ್ಕಳನ್ನು ಸಂತೈಸಲು ಜಗದ್ಗುರುಗಳ ಹೆಸರಿನಲ್ಲಿ ಇಲ್ಲದ ಮಾತನ್ನು ಹೇಳುವುದು ಸರಿಯಲ್ಲ. ಮಗು ಬೆಳೆದು ದೊಡ್ಡದಾಗಿ ಅದು ಸುಳ್ಳೆಂದು ತಿಳಿದಾಗ, ತಾತನ ವಿಷಯದಲ್ಲಿ ನಾವು ಹೇಳಿದ್ದನ್ನೂ ಅನುಮಾನಿಸೀತು.

ಹಾಗಾದರೆ ಧರ್ಮಸಭೆ ಹೇಳುವುದೇನು? ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ಬೋಧನೆಯಂತೆ ಪ್ರಾಣಿಗಳಿಗೂ ಆತ್ಮವುಂಟು. ಆದರೆ ಅದು ಮನುಷ್ಯನ ಆತ್ಮದಂತೆ ಅಮರವಲ್ಲ, ದೇಹದೊಡನೆ ಅಳಿಯುತ್ತದೆ. ನಮ್ಮ ಹಿರಿಯರು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಇದನ್ನೇ. ಇನ್ನೊಂದು ಕಡೆ, ಜಲಪ್ರಳಯದ ನಂತರ ದೇವರು ಒಡಂಬಡಿಕೆಯನ್ನು ಮಾಡಿಕೊಂಡದ್ದು ನೋಹನೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಸಕಲ ಜೀವಿಗಳೊಂದಿಗೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇಡೀ ಸೃಷ್ಟಿಯೇ ಬಿಡುಗಡೆಗಾಗಿ ನರಳುತ್ತಿದೆ ಎನ್ನುತ್ತಾರೆ. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಬರೆದ ‘ಲೌದಾತೋ ಸೀ’ ವಿಶ್ವಪತ್ರದ ಕೊನೆಯ ಭಾಗದಲ್ಲಿ, ನಿತ್ಯಜೀವದಲ್ಲಿ ಪ್ರತಿಯೊಂದು ಸೃಷ್ಟಿಯೂ ರೂಪಾಂತರಗೊಂಡು ತನ್ನ ಸ್ಥಾನವನ್ನು ಪಡೆಯುವುದೆಂಬ ಭರವಸೆಯ ಮಾತಿದೆ. ಇದು ಅವರು ನಿಜವಾಗಿ ಬರೆದ ಮಾತು. ಇಂತಿಂಥ ನಾಯಿ ಇಂತಿಂಥ ಮನೆಯವರಿಗೆ ಮತ್ತೆ ಸಿಗುತ್ತದೆಂದು ಅಲ್ಲಿಲ್ಲ. ಸಿಗುವುದಿಲ್ಲವೆಂದೂ ಇಲ್ಲ. ಧರ್ಮಸಭೆ ಮೌನವಾಗಿರುವ ಜಾಗದಲ್ಲಿ ನಾವು ಗಟ್ಟಿಯಾಗಿ ಮಾತನಾಡುವುದೇಕೆ? ದೇವರು ಸೃಷ್ಟಿಸಿ ಒಳ್ಳೆಯದೆಂದು ಕಂಡದ್ದನ್ನು ಆತನ ಕೈಯಲ್ಲೇ ಬಿಡುವುದು ವಿಶ್ವಾಸಕ್ಕೆ ಸಾಕು.

ನಮ್ಮ ಮನೆಯಲ್ಲಿ ಇದನ್ನು ಕುರಿತು ಚರ್ಚೆಯಾದಾಗ ನಮ್ಮ ತಾಯಿ ನೆನಪಿಸಿದ್ದು ತೊಬೀತನ ಗ್ರಂಥವನ್ನು. ಪ್ರೊಟೆಸ್ಟಂಟ್ ಸಹೋದರರ ಬೈಬಲಿನಲ್ಲಿ ಈ ಗ್ರಂಥವಿಲ್ಲ, ನಮ್ಮದರಲ್ಲಿ ಇದೆ. ಕುರುಡನಾದ ತಂದೆಯ ಹಣವನ್ನು ತರಲು ತೊಬಿಯಾಸನು ದೂರದೇಶಕ್ಕೆ ಹೊರಡುತ್ತಾನೆ. ದೇವದೂತ ರಫಾಯೇಲನು ವೇಷ ಮರೆಸಿಕೊಂಡು ಜೊತೆಗೆ ನಡೆಯುತ್ತಾನೆ. ಅವರ ಹಿಂದೆ ಒಂದು ನಾಯಿಯೂ ಹೋಗುತ್ತದೆ. ಮೀನು ಹಿಡಿಯುವುದು, ಮದುವೆ, ದೆವ್ವ ಬಿಡಿಸುವುದು ಎಲ್ಲ ನಡೆಯುತ್ತವೆ. ನಾಯಿಯ ಸುದ್ದಿಯೇ ಇಲ್ಲ. ಕೊನೆಗೆ ಹಿಂದಿರುಗುವಾಗ ಅದು ಮತ್ತೆ ಅವರ ಹಿಂದೆ ಕಾಣಿಸಿಕೊಳ್ಳುತ್ತದೆ. ಅದು ಏನನ್ನೂ ಮಾಡುವುದಿಲ್ಲ. ಸಂತ ರೋಕರಿಗೆ ಪ್ಲೇಗು ತಗುಲಿ ಕಾಡಿನಲ್ಲಿ ಬಿದ್ದಿದ್ದಾಗ ರೊಟ್ಟಿ ತಂದುಕೊಟ್ಟ ನಾಯಿಯ ಐತಿಹ್ಯವಿದೆ. ಟ್ಯೂರಿನ್ನಿನ ಬೀದಿಗಳಲ್ಲಿ ದುಷ್ಟರಿಂದ ಸಂತ ಡಾನ್ ಬೋಸ್ಕೋರನ್ನು ಕಾಪಾಡಿದ ಗ್ರಿಜೋ ಎಂಬ ಬೂದುಬಣ್ಣದ ನಾಯಿಯ ಕಥೆಯೂ ಇದೆ. ಅವು ಕೆಲಸ ಮಾಡಿದ ನಾಯಿಗಳು. ತೊಬಿಯಾಸನ ನಾಯಿ ಸುಮ್ಮನೆ ಜೊತೆಗೆ ಹೋಗಿ ಜೊತೆಗೆ ಬಂತು. ಜಿಮ್ಮಿಯೂ ಹದಿಮೂರು ವರ್ಷ ಮಾಡಿದ್ದು ಅಷ್ಟೇ. ಕಳ್ಳನನ್ನು ಹಿಡಿದದ್ದಿಲ್ಲ, ಹಾಲಿನವನನ್ನು ಮಾತ್ರ ಒಮ್ಮೆ ಅಟ್ಟಿಸಿಕೊಂಡು ಹೋಗಿತ್ತು.

ಇನ್ನೊಂದು ಮಾತನ್ನೂ ಹೇಳದಿದ್ದರೆ ಏಕಪಕ್ಷವಾದೀತು. 2022ರ ಜನವರಿಯಲ್ಲಿ ಇದೇ ಫ್ರಾನ್ಸಿಸ್ ಜಗದ್ಗುರುಗಳು, ಮಕ್ಕಳು ಬೇಡವೆಂದು ನಾಯಿ ಬೆಕ್ಕುಗಳನ್ನು ಆ ಸ್ಥಾನದಲ್ಲಿ ಕೂರಿಸಿಕೊಳ್ಳುವ ದಂಪತಿಗಳ ಬಗೆಗೆ ಕಟುವಾಗಿಯೇ ಮಾತನಾಡಿದರು. ಜಗತ್ತಿನ ಹಲವೆಡೆ ಆಕ್ಷೇಪಣೆಗಳು ಬಂದವು. ಮಕ್ಕಳಿಲ್ಲದ ಮನೆಗಳ ನೋವನ್ನು ಬಲ್ಲ ನಮಗೆ ಆ ಮಾತು ಇನ್ನಷ್ಟು ಮೃದುವಾಗಿರಬಹುದಿತ್ತೆನಿಸಿತು. ಆದರೂ ಅದರಲ್ಲಿನ ಎಚ್ಚರಿಕೆ ಸುಳ್ಳಲ್ಲ. ಧರ್ಮೋಪದೇಶ ಗ್ರಂಥವೂ ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿಯನ್ನೂ ಹಣವನ್ನೂ ಪ್ರಾಣಿಗಳಿಗೆ ಸುರಿಯಬಾರದೆನ್ನುತ್ತದೆ. ನಾಯಿಯ ಹುಟ್ಟುಹಬ್ಬಕ್ಕೆ ಕೇಕು ತರಿಸಿ, ಅದೇ ದಿನ ಮನೆಗೆಲಸದಾಕೆ ಮುಂಗಡ ಕೇಳಿದರೆ ಮುಂದಿನ ತಿಂಗಳು ನೋಡೋಣವೆನ್ನುವವರು ನಮ್ಮ ನಡುವೆ ಇಲ್ಲದಿಲ್ಲ. ಅಂಥ ಮನೆಗಳಲ್ಲಿ ನಾಯಿ ಸುಖಿಯಾಗಿರುತ್ತದೆಂಬುದೂ ಸಂಶಯವೇ. ಪಾಪ, ಅದಕ್ಕೆ ಬೇಕಾದುದು ಕೇಕಲ್ಲ, ಬೆಳಿಗ್ಗೆ ಸಂಜೆ ಒಂದು ಸುತ್ತು ನಡಿಗೆ.

ಗೆರೆ ಎಳೆದ ಚೀಟಿಯ ಬಗ್ಗೆ ಮಗಳೊಡನೆ ಮಾತನಾಡಲು ನಮಗೆ ಕೆಲವು ವಾರಗಳೇ ಹಿಡಿದವು. ಆಗಮನ ಕಾಲದ ಮೊದಲ ಭಾನುವಾರ, ಗೋದಲಿಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆವು. ಎಲ್ಲರ ಎದುರಿಗೆ ಹೊಡೆದುಹಾಕಿದ್ದು ನಮ್ಮ ತಪ್ಪು ಎಂದು ಒಪ್ಪಿಕೊಂಡೆವು. ಆ ಪೆಟ್ಟಿಗೆಯಲ್ಲಿ ಹೆಸರು ಹಾಕುವುದು, ಪಾಪಪರಿಹಾರವಾಗಿ ಶುದ್ಧರಾಗಬೇಕಾಗಿರುವ ಆತ್ಮಗಳಿಗೆ ನಮ್ಮ ಪ್ರಾರ್ಥನೆಯ ಸಹಾಯ ಸಿಗಲೆಂದು. ತಾತನಿಗೆ ಅದು ಬೇಕು. ನಮಗೂ ಒಂದು ದಿನ ಬೇಕಾಗುತ್ತದೆ. ಜಿಮ್ಮಿ ಪಾಪ ಮಾಡುವಂಥದ್ದಲ್ಲ. ಅದಕ್ಕೆ ಕ್ಷಮೆ ಬೇಡಬೇಕಾದದ್ದೇನೂ ಇಲ್ಲ. ಆದುದರಿಂದ ಅದರ ಹೆಸರು ಆ ಪೆಟ್ಟಿಗೆಗೆ ಸೇರುವುದಿಲ್ಲ. ಅದನ್ನು ಕೊಟ್ಟದ್ದಕ್ಕಾಗಿ ದೇವರಿಗೆ ವಂದನೆ ಹೇಳಬಹುದು. ಅದು ಯಾವ ದಿನವಾದರೂ ಆಗಬಹುದು, ಚೀಟಿ ಬೇಕಾಗಿಲ್ಲ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಲಿನವರನ್ನು ಕಚ್ಚಲು ಹೋಗಿತ್ತಲ್ಲ, ಅದು ಪಾಪವಲ್ಲವೇ?’ ಎಂದಳು. ಅದು ಅದರ ಸ್ವಭಾವ, ಪಾಪವಲ್ಲ ಎಂದೆವು. ‘ಹಾಗಾದರೆ ಒಂಬತ್ತು ದಿನ ಇಂಜೆಕ್ಷನ್ ಕೊಡಿಸದೆ ಇದ್ದದ್ದು?’ ಎಂದಳು. ಅದಕ್ಕೆ ನಾವು ಉತ್ತರ ಕೊಡಲಿಲ್ಲ. ಅದೇ ವಾರ ಪಾಪನಿವೇದನೆಗೆ ಹೋಗಿ ಬಂದೆವು.

ಈಗ ಸಂಜೆಯ ಜಪಸರದ ಕೊನೆಯಲ್ಲಿ ನಮ್ಮ ಮನೆಯಲ್ಲಿ ಒಂದು ವಂದನೆಯ ಮಾತು ಸೇರಿಕೊಂಡಿದೆ. ಅದನ್ನು ಹೇಳುವವಳು ಮಗಳು. ಒಮ್ಮೊಮ್ಮೆ ಮಳೆಗಾಗಿ, ಒಮ್ಮೊಮ್ಮೆ ಪರೀಕ್ಷೆ ಮುಗಿದದ್ದಕ್ಕಾಗಿ, ಹೆಚ್ಚಾಗಿ ಜಿಮ್ಮಿಗಾಗಿ. ನಮ್ಮ ತಾಯಿ ಕೊನೆಯ ತುತ್ತನ್ನು ಈಗಲೂ ಉಳಿಸುತ್ತಾರೆ. ಅದು ಗೇಟಿನ ಹೊರಗಿನ ಬೀದಿನಾಯಿಗಳಿಗೆ ಹೋಗುತ್ತದೆ. ಪಕ್ಕದ ಮನೆಯವರಿಗೆ ಇದರಿಂದ ಬೇಸರವಿರುವುದು ನಮಗೆ ಗೊತ್ತು. ಅವರೊಡನೆ ಮಾತನಾಡಿ ಸ್ಥಳವನ್ನು ಮೂಲೆಗೆ ಬದಲಾಯಿಸಿದ್ದೇವೆ.

ಜೀವಂತ ಪ್ರಾಣಿಗಳನ್ನು ಆಶೀರ್ವದಿಸುವ ವಿಧಿ ಧರ್ಮಸಭೆಯ ಆಶೀರ್ವಾದಗಳ ಗ್ರಂಥದಲ್ಲಿದೆ. ಸಂತ ಅಂತೋಣಿ ಮಠಾಧಿಪತಿಗಳ ಹಬ್ಬವಾದ ಜನವರಿ 17ರಂದೂ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರಂದೂ ಅನೇಕ ದೇಶಗಳಲ್ಲಿ ಜನರು ದೇವಾಲಯದ ಅಂಗಳಕ್ಕೆ ತಮ್ಮ ದನ, ಕುದುರೆ, ನಾಯಿ, ಬೆಕ್ಕುಗಳನ್ನು ಕರೆತರುತ್ತಾರೆ. ನಮ್ಮ ಧರ್ಮಕೇಂದ್ರದಲ್ಲೂ ಬರುವ ಅಕ್ಟೋಬರಿನಲ್ಲಿ ಇದನ್ನು ನಡೆಸಬಹುದೇ ಎಂದು ಗುರುಗಳನ್ನು ಕೇಳಿದ್ದೇವೆ. ಪಾಲನಾ ಸಮಿತಿಯ ಮುಂದಿಡುವುದಾಗಿ ಅವರು ಹೇಳಿದ್ದಾರೆ. ಆಮೇಲೆ ಸ್ವಲ್ಪ ಯೋಚಿಸಿ, ನಾಯಿಗಳಿಗೊಂದು ಸಮಯ, ಬೆಕ್ಕುಗಳಿಗೆ ಇನ್ನೊಂದು ಸಮಯ ಇಟ್ಟುಕೊಳ್ಳುವುದು ಒಳ್ಳೆಯದೆಂದೂ ಸೂಚಿಸಿದ್ದಾರೆ.